ಬೆಟ್ಟದವರು ಕೇಳಿದ ಕಡಲಿನ ಪ್ರಶ್ನೆಗಳು

ಹೋದ ತಿಂಗಳ ಅಂಕಣದಲ್ಲಿ ಗ್ರೀಸ್ ದೇಶದ ಅನಾಫಿ ಎಂಬ ಪುಟ್ಟ ದ್ವೀಪದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ನಮ್ಮ ಕೊಡಗಿನವೇ. ಕಡಲೂ ಇಲ್ಲದ, ರೈಲೂ ಇಲ್ಲದ ಜಿಲ್ಲೆಯಿಂದ ಒಂದು ದ್ವೀಪದ ಬಗ್ಗೆ ಇಷ್ಟು ಆಸೆಯ ಪತ್ರಗಳು ಬಂದದ್ದು ಕಂಡು, ಮೂವತ್ತು ವರ್ಷ ಭೂಗೋಳ ಪಾಠ ಮಾಡಿದ ನನಗೆ ಮನಸ್ಸು ತುಂಬಿತು. ಈ ಸಲದ ಪುಟಗಳೆಲ್ಲ ಆ ಪತ್ರಗಳಿಗೇ ಮೀಸಲು.

ಟೀಚರ್, ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುತ್ತಿದೆ. ಎಂಟು ದಿನಗಳಲ್ಲಿ ಅಥೆನ್ಸ್, ಮಿಕೊನೋಸ್, ಸಾಂತೋರಿನಿ, ಕ್ರೀಟ್ ನಾಲ್ಕನ್ನೂ ತೋರಿಸುತ್ತೇವೆ ಎಂದು ಪ್ರವಾಸದ ಏಜೆಂಟರು ಹೇಳುತ್ತಾರೆ. ನನ್ನವರಿಗೆ ಸಮುದ್ರದ ಆಸೆ, ನನಗೆ ಬೆಟ್ಟ ಹತ್ತುವ ಆಸೆ. ಗದ್ದಲ ಇಬ್ಬರಿಗೂ ಬೇಡ. ಏನು ಮಾಡಲಿ?
— ಓದುಗರು, ಕುಶಾಲನಗರ

ನಾಲ್ಕು ಊರು ಬೇಡ ತಾಯಿ. ಎಂಟು ದಿನಗಳಲ್ಲಿ ನಾಲ್ಕು ಊರು ಎಂದರೆ ಪೆಟ್ಟಿಗೆ ಕಟ್ಟುವುದು, ಬಂದರಿನಲ್ಲಿ ಹಡಗಿಗೆ ಕಾಯುವುದು, ಪೆಟ್ಟಿಗೆ ಬಿಚ್ಚುವುದು, ಇಷ್ಟರಲ್ಲೇ ಅರ್ಧ ದಿನಗಳು ಹೋಗುತ್ತವೆ. ಡಿಸೆಂಬರಿನ ಕೊನೆಯ ವಾರ ಮಡಿಕೇರಿಯ ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡಲು ನಿಂತ ಜನರನ್ನು ನೆನಪಿಸಿಕೊಳ್ಳಿ. ಸಾಂತೋರಿನಿಯ ಇಯಾ ಎಂಬ ಊರಿನಲ್ಲಿ ಬೇಸಿಗೆಯ ಪ್ರತಿ ಸಂಜೆಯೂ ಹಾಗೆಯೇ ಇರುತ್ತದೆ. ನೀವಿಬ್ಬರೂ ಗದ್ದಲ ಬೇಡ ಎಂದಿದ್ದೀರಿ. ಆದ್ದರಿಂದ ನನ್ನ ಸಲಹೆ ಒಂದೇ: ಒಂದು ಸಣ್ಣ ದ್ವೀಪ ಆರಿಸಿಕೊಳ್ಳಿ, ಒಂದೇ ಕೋಣೆ ಹಿಡಿಯಿರಿ, ಅಲ್ಲಿಂದ ಕಾಲ್ನಡಿಗೆಯಲ್ಲಿ ಕಡಲಿಗೂ ಬೆಟ್ಟಕ್ಕೂ ಹೋಗಿ. ಎಂಟು ದಿನಗಳನ್ನು ಹತ್ತು ಮಾಡಲು ಸಾಧ್ಯವಾದರೆ ಮಾಡಿ.

ನನ್ನ ಆಯ್ಕೆ ಅನಾಫಿ. ಸಾಂತೋರಿನಿಯ ಪೂರ್ವಕ್ಕೆ, ಹಡಗಿನಲ್ಲಿ ಒಂದೂವರೆ ಎರಡು ಗಂಟೆಯ ದೂರದಲ್ಲಿದೆ. ವಿಸ್ತೀರ್ಣ ಸುಮಾರು 38 ಚದರ ಕಿಲೋಮೀಟರ್, ವರ್ಷವಿಡೀ ನೆಲೆಸಿರುವವರು ಮುನ್ನೂರರ ಆಸುಪಾಸು. ವಿಮಾನ ನಿಲ್ದಾಣ ಇಲ್ಲ. ಇರುವುದು ಹೋರಾ ಎಂಬ ಒಂದೇ ಊರು. ಬಂದರಿನ ಮೇಲಿನ ಗುಡ್ಡದ ನೆತ್ತಿಯಲ್ಲಿ ಬಿಳಿ ಸುಣ್ಣದ ಮನೆಗಳು ಒತ್ತೊತ್ತಾಗಿ ಕೂತಿವೆ. ಹಡಗು ಬರುವ ಹೊತ್ತಿಗೆ ಬಂದರಿನಲ್ಲಿ ಒಂದು ಬಸ್ ಕಾಯುತ್ತಿರುತ್ತದೆ. ಕೋಣೆ ಬಾಡಿಗೆಗೆ ಕೊಡುವವರೂ ಅಲ್ಲಿಗೇ ಬಂದು ನಿಮ್ಮ ಪೆಟ್ಟಿಗೆ ಎತ್ತಿಕೊಳ್ಳುತ್ತಾರೆ.

ನಾನು ಈ ದ್ವೀಪವನ್ನು ಕಂಡುಕೊಂಡದ್ದು ಅಥೆನ್ಸಿನಲ್ಲಿ. ಅಕ್ರೊಪೊಲಿಸ್ ಬಂಡೆಯ ಕೆಳಗಿನ ಇಳಿಜಾರಿನಲ್ಲಿ ಅನಾಫಿಯೋತಿಕಾ ಎಂಬ ಸಣ್ಣ ಕೇರಿಯಿದೆ. ಒಬ್ಬರ ಹಿಂದೆ ಒಬ್ಬರು ನಡೆಯಬೇಕಾದಷ್ಟು ಕಿರಿದಾದ ಓಣಿ, ಮೊಣಕಾಲೆತ್ತರದ ಗೋಡೆಗಳ ಮೇಲೆ ತುಳಸಿಯ ಜಾತಿಯ ಗಿಡಗಳ ಡಬ್ಬಗಳು. ಮಹಾನಗರದ ನಡುವೆ ಇಂಥ ಹಳ್ಳಿ ಎಲ್ಲಿಂದ ಬಂತು ಎಂದು ಕೇಳಿದಾಗ ಈ ಕಥೆ ಸಿಕ್ಕಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಒಟ್ಟೋ ದೊರೆ ಅಥೆನ್ಸನ್ನು ರಾಜಧಾನಿ ಮಾಡಿಕೊಂಡು ಅರಮನೆ ಕಟ್ಟಿಸುವಾಗ ಅನಾಫಿಯಿಂದ ಗಾರೆ ಕೆಲಸದವರೂ ಬಡಗಿಗಳೂ ಬಂದರು. ಕೆಲಸ ಮುಗಿದರೂ ಹಿಂತಿರುಗದೆ ಬಂಡೆಯ ಬುಡದಲ್ಲಿ ತಮ್ಮೂರಿನಂಥದೇ ಮನೆಗಳನ್ನು ಕಟ್ಟಿಕೊಂಡರು. ಅರಮನೆ ಕಟ್ಟಲು ಬಂದು ತಮ್ಮೂರನ್ನೇ ಕಟ್ಟಿಕೊಂಡ ಆ ಜನರ ಮೂಲ ಊರನ್ನು ನೋಡಲೇಬೇಕು ಎಂದು ಅಂದೇ ನಿಶ್ಚಯಿಸಿದೆ. 2019ರಲ್ಲಿ ತಂಗಿಯ ಜೊತೆ ಹೋದೆ, 2024ರಲ್ಲಿ ನಮ್ಮ ಯಜಮಾನರ ಜೊತೆ ಮತ್ತೊಮ್ಮೆ.

ನಿಮ್ಮವರ ಕಡಲಿನ ಆಸೆಯ ವಿಷಯ ಮೊದಲು. ಹೋರಾದಿಂದ ಕೆಳಗಿಳಿಯುವ ಕಾಲುದಾರಿಯಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ನಡೆದರೆ ಕ್ಲಿಸಿದಿ ಎಂಬ ಮರಳು ತೀರ ಸಿಗುತ್ತದೆ. ನೆರಳಿಗೆ ಅಲ್ಮಿರಿಕಿ ಎಂಬ ಮರಗಳಿವೆ, ನೋಡಲು ನಮ್ಮ ಗಾಳಿಮರದ ತಮ್ಮನಂತೆ. ಊಟಕ್ಕೆ ಒಂದೆರಡು ತಾವೆರ್ನಾಗಳಿವೆ. ಮನೆಯವರೇ ಅಡುಗೆ ಮಾಡಿ ಬಡಿಸುವ ಊಟದ ಮನೆಗಳಿಗೆ ಅಲ್ಲಿ ಹಾಗೆ ಹೆಸರು. ಕ್ಲಿಸಿದಿಯಿಂದ ದಕ್ಷಿಣ ಕರಾವಳಿಯ ಉದ್ದಕ್ಕೂ ಪೂರ್ವಕ್ಕೆ ನಡೆದರೆ ಒಂದು ಕೊಲ್ಲಿ ದಾಟಿದ ಮೇಲೆ ಮತ್ತೊಂದು ಎದುರಾಗುತ್ತದೆ. ಅವುಗಳಲ್ಲಿ ದೊಡ್ಡದು ರುಕೂನಾಸ್. ಬೆಳಗ್ಗೆ ಎಂಟಕ್ಕೆ ನಾವಿಬ್ಬರೂ ಅಲ್ಲಿ ತಲುಪಿದಾಗ ಅಷ್ಟುದ್ದದ ಮರಳಿನ ಮೇಲೆ ನಮ್ಮದಲ್ಲದೆ ಬೇರೆ ಹೆಜ್ಜೆ ಇರಲಿಲ್ಲ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ದೂರದ ಮರಳುಗಳಲ್ಲಿ ಕೆಲವರು ಬಟ್ಟೆಯಿಲ್ಲದೆ ಸ್ನಾನ ಮಾಡುತ್ತಾರೆ, ಬಿಸಿಲು ಕಾಯಿಸಿಕೊಳ್ಳುತ್ತಾರೆ. ಅಲ್ಲಿ ಅದು ಬಹಳ ಕಾಲದಿಂದ ನಡೆದುಬಂದದ್ದು. ಯಾರೂ ಯಾರನ್ನೂ ದಿಟ್ಟಿಸುವುದಿಲ್ಲ. ಸಂಕೋಚವೆನಿಸಿದರೆ ಕ್ಲಿಸಿದಿಯಲ್ಲೇ ಇರಿ.

ಇನ್ನು ನಿಮ್ಮ ಬೆಟ್ಟ. ದ್ವೀಪದ ಪೂರ್ವ ತುದಿಯಲ್ಲಿ ಕಲಾಮೋಸ್ ಎಂಬ ಏಕಶಿಲೆ ನೇರವಾಗಿ ಕಡಲಿನಿಂದಲೇ ಎದ್ದು ನಿಂತಿದೆ. ಎತ್ತರ 450 ಮೀಟರಿಗೂ ಹೆಚ್ಚು. 1,748 ಮೀಟರಿನ ತಡಿಯಂಡಮೋಳ್ ಬುಡದಲ್ಲಿ ಹುಟ್ಟಿ ಬೆಳೆದವಳಿಗೆ ಅದೇನು ಎತ್ತರ ಎನ್ನಬಹುದು ನೀವು. ಆದರೆ ನಮ್ಮ ಬೆಟ್ಟಗಳು ಒಂದರ ಹೆಗಲಿಗೆ ಒಂದು ಒರಗಿಕೊಂಡಿರುತ್ತವೆ. ಅಲ್ಲಿ ಮೂರು ಕಡೆಯೂ ಕಾಲಿನ ಕೆಳಗೆ ನೀಲಿ ನೀರೇ. ಆ ಬಂಡೆಯನ್ನು ಭೂಮಿಗೆ ಜೋಡಿಸುವ ಕಿರಿದಾದ ಕೊರಳಿನಲ್ಲಿ ಒಂದು ಸನ್ಯಾಸಿ ಮಠವಿದೆ. ಪ್ರಾಚೀನ ಕಾಲದ ಅಪೊಲೋ ದೇಗುಲ ಇದ್ದ ಜಾಗ ಅದು. ಹಳೆಯ ದೇಗುಲದ ಕಲ್ಲುಗಳನ್ನು ಮಠದ ಗೋಡೆಗಳಲ್ಲಿ ಇಂದಿಗೂ ಗುರುತಿಸಬಹುದು. ಮಠದ ಹೆಸರಿನ ಅರ್ಥ ‘ಜೀವ ಕೊಡುವ ಚಿಲುಮೆ’ ಎಂದು ತಿಳಿದಾಗ ನನಗೆ ತಲಕಾವೇರಿಯ ಬ್ರಹ್ಮಕುಂಡಿಕೆ ಕಣ್ಣ ಮುಂದೆ ಬಂತು. ನೀರಿಲ್ಲದ ದ್ವೀಪದ ಜನ ತಮ್ಮ ಮಠಕ್ಕೆ ಚಿಲುಮೆಯ ಹೆಸರಿಟ್ಟಿದ್ದಾರೆ. ಮಠದಿಂದ ಬಂಡೆಯ ನೆತ್ತಿಗೆ ಸುಮಾರು ಒಂದು ಗಂಟೆಯ ಏರುದಾರಿ. ಅಲ್ಲಿ ಪನಾಯಿಯಾ ಕಲಾಮಿಯೋತಿಸ್ಸಾ, ಎಂದರೆ ಕಲಾಮೋಸಿನ ಮಾತೆ ಮೇರಿಯ ಬಿಳಿ ಗುಡಿ. ಪ್ರತಿ ವರ್ಷ ಸೆಪ್ಟೆಂಬರ್ 8ರಂದು ಅವಳ ಹಬ್ಬ. ದ್ವೀಪದವರೆಲ್ಲ ಕೆಳಗಿನ ಮಠದಲ್ಲಿ ಸೇರುತ್ತಾರೆ. ಊಟ, ಪಿಟೀಲು, ಕುಣಿತ ಎಲ್ಲವೂ ಅಲ್ಲೇ.

ಹೋರಾದಿಂದ ಮಠದವರೆಗೆ ಕರಾವಳಿಯ ಕಾಲುದಾರಿಯಲ್ಲಿ ನನ್ನ ನಡಿಗೆಗೆ ಮೂರೂವರೆ ಗಂಟೆ ಹಿಡಿಯಿತು. ನಡುವೆ ಕಸ್ತೆಲ್ಲಿ ಎಂಬ ಗುಡ್ಡದ ಮೇಲೆ ಪ್ರಾಚೀನ ಪಟ್ಟಣದ ಅವಶೇಷಗಳಿವೆ. ಅದರ ಹತ್ತಿರದ ಪುಟ್ಟ ಗುಡಿಯ ಪಕ್ಕ, ಬಯಲಿನಲ್ಲಿ, ರೋಮನ್ನರ ಕಾಲದ ಕೆತ್ತನೆಯ ಅಮೃತಶಿಲೆಯ ಶವಪೆಟ್ಟಿಗೆ ಇದೆ. ಬೇಲಿಯಿಲ್ಲ, ಕಾವಲಿಲ್ಲ, ಆಡುಗಳು ಅದರ ನೆರಳಿನಲ್ಲಿ ಮಲಗಿದ್ದವು. ಅಲ್ಲಿ ಕೂತು ಬುತ್ತಿ ಬಿಚ್ಚಿದ ಆ ಅರ್ಧ ಗಂಟೆಗಾಗಿಯೇ ನಾನು ಎರಡನೆಯ ಸಲ ಹೋದದ್ದು ಎಂದರೂ ಸರಿಯೇ. ಬೇಸಿಗೆಯಲ್ಲಿ ಮಠದವರೆಗೆ ಬಸ್ ಇರುತ್ತದೆ. ಬೆಳಗ್ಗೆ ಬಸ್ಸಿನಲ್ಲಿ ಹೋಗಿ ಬೆಟ್ಟ ಹತ್ತಿ, ಇಳಿಯುತ್ತಾ ಕಡಲಿಗೆ ಬಂದು, ಸಂಜೆ ನಡೆದು ವಾಪಸಾಗುವುದು ನಿಮ್ಮಿಬ್ಬರಿಗೂ ಹೊಂದೀತು.

ಇಷ್ಟು ದೂರ ಹೋಗಲಾಗದು, ಮಂಡಿ ನೋವಿದೆ ಎನ್ನುವುದಾದರೆ ಸಿಫ್ನೋಸ್ ದ್ವೀಪ ನೋಡಿ. ಅಥೆನ್ಸಿನ ಬಂದರು ಪಿರೇಯಸ್‌ನಿಂದ ವೇಗದ ಹಡಗಿನಲ್ಲಿ ಮೂರು ಗಂಟೆಯೊಳಗೆ ತಲುಪಬಹುದು. ಅಲ್ಲಿ ಹಳೆಯ ಕಲ್ಲುಹಾಸಿನ ಕಾಲುದಾರಿಗಳನ್ನು ದುರಸ್ತಿ ಮಾಡಿ ಸಂಖ್ಯೆಯ ಫಲಕ ಹಾಕಿದ್ದಾರೆ. ಒಟ್ಟು ಉದ್ದ 100 ಕಿಲೋಮೀಟರಿಗೂ ಮಿಕ್ಕಿದೆ. ಅನಾಫಿಯಷ್ಟು ನಿಶ್ಶಬ್ದವಲ್ಲ, ಆದರೆ ಊರುಗಳ ನಡುವೆ ಬಸ್ಸುಗಳು ಚೆನ್ನಾಗಿವೆ.

ನಮ್ಮದು ರೊಬಸ್ಟಾ ತೋಟ. ಯಾವ ತಿಂಗಳು ಬಿಟ್ಟು ಹೋಗಬಹುದು? ಅಲ್ಲಿ ಮಳೆ ಯಾವಾಗ?
— ಬೆಳೆಗಾರರು, ಅಮ್ಮತ್ತಿ

ಭಾಗಮಂಡಲದಲ್ಲಿ ಜುಲೈ ತಿಂಗಳ ಒಂದು ಜೋರು ವಾರ ಸುರಿಯುವಷ್ಟು ಮಳೆ ಆ ದ್ವೀಪಗಳಿಗೆ ಇಡೀ ವರ್ಷಕ್ಕೆ. ಅದೂ ಚಳಿಗಾಲದಲ್ಲಿ. ಆದ್ದರಿಂದ ಮಳೆಯ ಯೋಚನೆ ಬಿಡಿ, ಗಾಳಿಯ ಯೋಚನೆ ಮಾಡಿ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಉತ್ತರದಿಂದ ಮೆಲ್ತೆಮಿ ಎಂಬ ಒಣಗಾಳಿ ದಿನಗಟ್ಟಲೆ ಬೀಸುತ್ತದೆ. ಬಿಸಿಲೂ ಆಗಲೇ ಹೆಚ್ಚು, ಜನರೂ ಆಗಲೇ ಹೆಚ್ಚು, ಬಾಡಿಗೆಯೂ ಆಗಲೇ ಹೆಚ್ಚು.

ನಿಮಗೆ ಎರಡು ಬಿಡುವುಗಳಿವೆ. ಜನವರಿಯಿಂದ ಮಾರ್ಚಿನವರೆಗೆ ಕೊಯ್ಲು, ಹಿಂದೆಯೇ ಹೂಮಳೆಯ ಚಿಂತೆ, ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕುವ ಕೆಲಸ. ಅದೆಲ್ಲ ಮುಗಿದು ಮುಂಗಾರು ಹಿಡಿಯುವ ಮೊದಲಿನ ಮೇ ತಿಂಗಳು ಒಂದು ಬಿಡುವು. ಆಗ ದ್ವೀಪದ ಗುಡ್ಡಗಳಲ್ಲಿ ಹೂವಿರುತ್ತದೆ, ನಡೆಯಲು ತಂಪು. ಆದರೆ ಕಡಲ ನೀರು ಇನ್ನೂ ಕೊರೆಯುತ್ತಿರುತ್ತದೆ. ಎರಡನೆಯದು ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತ ಕಳೆದ ಮೇಲೆ, ಅಕ್ಟೋಬರ್ ನಡುವಿನ ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ಮೊದಲು. ಆಗ ಗುಡ್ಡ ಒಣಗಿ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ, ಬೇಸಿಗೆಯುದ್ದಕ್ಕೂ ಕಾದ ಕಡಲು ಬೆಚ್ಚಗಿರುತ್ತದೆ, ಮಕ್ಕಳಿರುವ ಕುಟುಂಬಗಳು ಶಾಲೆಗಾಗಿ ಊರಿಗೆ ಮರಳಿರುತ್ತವೆ. ಮಳೆಗಾಲದ ನಂತರದ ಗೊಬ್ಬರವನ್ನು ಹೋಗುವ ಮೊದಲೋ ಬಂದ ಮೇಲೋ ಹಾಕಿಸಬಹುದು. ನನ್ನ ಒಲವು ಈ ಎರಡನೆಯದಕ್ಕೇ. ಅಕ್ಟೋಬರ್ ನಡುವಿನ ನಂತರ ಹೋಗಬೇಡಿ. ಹಡಗುಗಳು ಕಡಿಮೆಯಾಗುತ್ತವೆ, ಊಟದ ಮನೆಗಳು ಒಂದೊಂದಾಗಿ ಬಾಗಿಲು ಹಾಕುತ್ತವೆ.

ಗಾಳಿಯ ಬಗ್ಗೆ ಹೇಳಿದ್ದಕ್ಕೆ ಕಾರಣವಿದೆ. ಗಾಳಿ ಮಿತಿ ಮೀರಿದರೆ ಬಂದರಿನ ಅಧಿಕಾರಿಗಳು ಹಡಗು ಹೊರಡದಂತೆ ತಡೆಯುತ್ತಾರೆ. ಅದಕ್ಕೆ ಅಲ್ಲಿ ‘ಅಪಾಗೊರೆಫ್ತಿಕೊ’ ಎನ್ನುತ್ತಾರೆ. ಈ ಪದ ಕಲಿತುಕೊಳ್ಳಿ. ನಾನು ಅದನ್ನು ಕಲಿತದ್ದು ದುಡ್ಡು ಕೊಟ್ಟು. 2019ರಲ್ಲಿ ನಮ್ಮ ಹಡಗು ಎರಡು ದಿನ ಬರಲಿಲ್ಲ. ಅಥೆನ್ಸಿನಿಂದ ನಮ್ಮ ವಿಮಾನ ಹೊರಟ ಹೊತ್ತಿನಲ್ಲಿ ನಾನೂ ತಂಗಿಯೂ ಅನಾಫಿಯ ಬಂದರಿನ ಕಲ್ಲಿನ ಮೇಲೆ ಕೂತಿದ್ದೆವು. ಹೊಸ ಟಿಕೆಟ್ ಕೊಳ್ಳಲು ತಂಗಿಯ ಮಗನಿಂದ ಹಣ ತರಿಸಬೇಕಾಯಿತು. ಆ ರಾತ್ರಿಯ ಸಂಕಟ ನನಗೆ ಇನ್ನೂ ನೆನಪಿದೆ. ಆದ್ದರಿಂದ ವಾಪಸಿನ ವಿಮಾನಕ್ಕೆ ಕನಿಷ್ಠ ಎರಡು ದಿನ ಮೊದಲೇ ಅಥೆನ್ಸ್ ಸೇರಿಕೊಳ್ಳಿ. ಆ ಎರಡು ದಿನಗಳಲ್ಲಿ ಅಕ್ರೊಪೊಲಿಸ್ ನೋಡಿ, ಅನಾಫಿಯೋತಿಕಾದ ಓಣಿಗಳಲ್ಲಿ ನಡೆಯಿರಿ. ದ್ವೀಪ ಕಂಡ ಮೇಲೆ ಆ ಕೇರಿ ಬೇರೆಯೇ ಆಗಿ ಕಾಣುತ್ತದೆ.

ಪಿರೇಯಸ್‌ನಿಂದ ಅನಾಫಿಗೆ ನೇರ ಹಡಗು ವಾರದಲ್ಲಿ ಕೆಲವೇ ದಿನ, ಪ್ರಯಾಣ ಹತ್ತು ಗಂಟೆಗೂ ಮೀರಿ. ಅಥೆನ್ಸಿನಿಂದ ಸಾಂತೋರಿನಿಗೆ ವಿಮಾನದಲ್ಲಿ ಹೋಗಿ ಅಲ್ಲಿಂದ ಹಡಗು ಹಿಡಿಯುವುದು ಸುಲಭ. ಮೊದಲು ಹಡಗಿನ ವೇಳಾಪಟ್ಟಿ ನೋಡಿ, ಆಮೇಲೆ ಕೋಣೆ ಹಿಡಿಯಿರಿ.

ನಾನು ಕೃಷಿಕ. ಸಂಬಳದ ಚೀಟಿ ಇಲ್ಲ, ಆದಾಯ ತೆರಿಗೆ ವಿವರವೂ ಇಲ್ಲ. ನಮ್ಮದು ಜಮ್ಮಾ ಜಾಗ, ಪಹಣಿಯಲ್ಲಿ ಅಜ್ಜನ ಹೆಸರಿದೆ. ನನಗೆ ವೀಸಾ ಸಿಗುತ್ತದೆಯೇ?
— ಓದುಗರು, ಪೊನ್ನಂಪೇಟೆ

ಜಮ್ಮಾ ಎಂದರೆ ತಲೆಮಾರುಗಳಿಂದ ಇಡೀ ಕುಟುಂಬಕ್ಕೆ ಸೇರಿ ಬಂದ ಜಾಗ. ಈ ಪ್ರಶ್ನೆ ಕೊಡಗಿನ ಹೊರಗಿನವರಿಗೆ ಅರ್ಥವಾಗುವುದೇ ಕಷ್ಟ. ವೀಸಾ ಕೊಡುವ ಅಧಿಕಾರಿಗೂ ಹಾಗೆಯೇ. ಅವರಿಗೆ ಅರ್ಥವಾಗುವಂತೆ ಬರೆದು ತಿಳಿಸುವುದು ನಿಮ್ಮ ಕೆಲಸ.

ಬೇಕಾದದ್ದು ಷೆಂಗೆನ್ ವೀಸಾ, ಎಂದರೆ ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ. ಶುಲ್ಕ ವಯಸ್ಕರಿಗೆ 90 ಯೂರೋ, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ತಡವಾಗಬಾರದು. ನೀವು ಎರಡು ಮೂರು ತಿಂಗಳು ಮೊದಲೇ ಹಾಕಿ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು; ವಾಪಸಾಗುವ ದಿನದಿಂದ ಇನ್ನೂ ಮೂರು ತಿಂಗಳು ಅವಧಿ ಉಳಿದಿರಬೇಕು; ಎರಡು ಖಾಲಿ ಪುಟ ಬೇಕು. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ.

ಅಧಿಕಾರಿಗೆ ಮನದಟ್ಟಾಗಬೇಕಾದದ್ದು ಎರಡು: ಖರ್ಚಿಗೆ ನಿಮ್ಮದೇ ಹಣವಿದೆ, ನೀವು ಊರಿಗೆ ಮರಳುತ್ತೀರಿ. ಹಣಕ್ಕೆ ನಿಮ್ಮ ಹೆಸರಿನ ಬ್ಯಾಂಕ್ ಖಾತೆಯ ವಿವರವೇ ಮುಖ್ಯ. ಕಾಫಿ, ಕರಿಮೆಣಸು ಮಾರಿದ ಬಿಲ್ಲುಗಳನ್ನು ಆ ಖಾತೆಗೆ ಬಂದ ಮೊತ್ತಗಳ ಜೊತೆ ತಾಳೆಯಾಗುವಂತೆ ಜೋಡಿಸಿ. ಅರ್ಜಿಯ ಹಿಂದಿನ ವಾರ ಯಾರಿಂದಲೋ ಸಾಲ ತಂದು ಖಾತೆ ತುಂಬಬೇಡಿ, ಅದು ಎದ್ದು ಕಾಣುತ್ತದೆ. ಲೆಕ್ಕ ಪರಿಶೋಧಕರಿಂದ ನಿಮ್ಮ ಕೃಷಿ ಆದಾಯದ ದೃಢೀಕರಣ ಪತ್ರ ಮಾಡಿಸಿ. ಕಾಫಿ ಮಂಡಳಿಯ ನೋಂದಣಿ ಇದ್ದರೆ ಪ್ರತಿ ಇಡಿ. ಪಹಣಿಯನ್ನು ಇಂಗ್ಲಿಷಿಗೆ ಅನುವಾದಿಸಿ ನೋಟರಿ ಮಾಡಿಸಿ. ಜೊತೆಗೆ ನೀವೇ ಒಂದು ಪುಟದ ಪತ್ರ ಬರೆಯಿರಿ: ಈ ಜಾಗ ತಲೆಮಾರುಗಳಿಂದ ಕುಟುಂಬದ್ದು, ದಾಖಲೆಯಲ್ಲಿ ಪಟ್ಟೆದಾರರಾದ, ಎಂದರೆ ಕುಟುಂಬದ ಹಿರಿಯರಾದ ಅಜ್ಜನ ಹೆಸರಿದೆ, ಸಾಗುವಳಿ ಮಾಡುತ್ತಿರುವವನು ನಾನು, ಇಂಥ ತಿಂಗಳು ನನ್ನ ತೋಟದ ಕೊಯ್ಲು. ಕುಟುಂಬದ ವಂಶವೃಕ್ಷವನ್ನೂ ಲಗತ್ತಿಸಿ. ತೋಟ ಇರುವವನು ಕೊಯ್ಲಿಗೆ ಮರಳಲೇಬೇಕಲ್ಲವೇ? ಅದಕ್ಕಿಂತ ಗಟ್ಟಿಯಾದ ಕಾರಣ ನಿಮ್ಮಲ್ಲಿ ಇನ್ನೊಂದಿಲ್ಲ. ಅದನ್ನು ಧೈರ್ಯವಾಗಿ ಬರೆಯಿರಿ.

ನಾವು ಲಿಂಗಾಯತರು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಉಪವಾಸ ಬೀಳಬೇಕಾದೀತೇ?
— ಓದುಗರು, ಶನಿವಾರಸಂತೆ

ಖಂಡಿತ ಇಲ್ಲ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ವರ್ಷದಲ್ಲಿ ಬಹಳಷ್ಟು ವ್ರತದ ದಿನಗಳಿವೆ. ಆ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು ಬಿಟ್ಟು ಬೇಳೆಕಾಳು, ಸೊಪ್ಪು, ಆಲಿವ್ ಎಣ್ಣೆಯಲ್ಲಿ ಅಡುಗೆ ಮಾಡುತ್ತಾರೆ. ವ್ರತದ ಅಡುಗೆಗೆ ‘ನಿಸ್ತಿಸಿಮೊ’ ಎಂಬ ಪದವಿದೆ. ಒಂದು ಎಚ್ಚರ: ಅವರ ವ್ರತದಲ್ಲಿ ಸಿಗಡಿ, ಚಿಪ್ಪುಜೀವಿಗಳಿಗೆ ನಿಷೇಧವಿಲ್ಲ. ಹಾಗಾಗಿ ಆ ಪದವೊಂದನ್ನೇ ನಂಬಬೇಡಿ. ಮಾಂಸವಿಲ್ಲ, ಮೀನಿಲ್ಲ, ಮೊಟ್ಟೆಯಿಲ್ಲ ಎಂದು ಗ್ರೀಕ್ ಭಾಷೆಯಲ್ಲಿ ಬರೆಸಿಕೊಂಡ ಚೀಟಿ ತೋರಿಸಿ.

ಫಾವಾ ಎಂದರೆ ಬೇಳೆ ಬೇಯಿಸಿ ಮಸೆದು ಮೇಲೆ ಈರುಳ್ಳಿ, ಆಲಿವ್ ಎಣ್ಣೆ ಹಾಕಿದ್ದು. ನಮ್ಮ ಗಟ್ಟಿ ತೊವ್ವೆಯ ನೆಂಟ. ಹೋರ್ತಾ ಎಂದರೆ ಕಾಡುಸೊಪ್ಪು ಬೇಯಿಸಿ ನಿಂಬೆರಸ ಹಿಂಡಿದ್ದು. ಟೊಮೆಟೊದಲ್ಲಿ ಬೇಯಿಸಿದ ದೊಡ್ಡ ಅವರೆಯಂಥ ಕಾಳಿಗೆ ಗಿಗಾಂತೆಸ್ ಎನ್ನುತ್ತಾರೆ. ಸಿಫ್ನೋಸಿಗೆ ಹೋದರೆ ಭಾನುವಾರ ರೆವಿಥಾದಾ ಕೇಳಿ. ಕಡಲೆಕಾಳು, ಈರುಳ್ಳಿ, ಆಲಿವ್ ಎಣ್ಣೆಯನ್ನು ಮಣ್ಣಿನ ಮಡಕೆಯಲ್ಲಿಟ್ಟು ಶನಿವಾರ ಸಂಜೆ ಸೌದೆಯ ಒಲೆಗೆ ಸೇರಿಸುತ್ತಾರೆ. ರಾತ್ರಿಯಿಡೀ ಬೆಂದದ್ದನ್ನು ಬೆಳಗ್ಗೆ ತೆಗೆಯುತ್ತಾರೆ. ಖಾರ ಮಾತ್ರ ಎಲ್ಲೂ ಇಲ್ಲ. ಚಟ್ನಿಪುಡಿಯ ಪೊಟ್ಟಣ ಜೊತೆಯಲ್ಲಿರಲಿ.

ನಾನು ಕಾಲೇಜು ವಿದ್ಯಾರ್ಥಿನಿ. ತಡಿಯಂಡಮೋಳ್ ಎರಡು ಸಲ, ಪುಷ್ಪಗಿರಿ ಒಮ್ಮೆ ಹತ್ತಿದ್ದೇನೆ. ಮುಂದೊಂದು ದಿನ ಆ ದ್ವೀಪದಲ್ಲಿ ಒಬ್ಬಳೇ ನಡೆಯುವ ಕನಸಿದೆ. ಸಾಧ್ಯವೇ, ಟೀಚರ್?
— ಓದುಗರು, ಮಡಿಕೇರಿ

ಸಾಧ್ಯ ಮಗಳೇ. ಪುಷ್ಪಗಿರಿ ಹತ್ತಿದ ಕಾಲಿಗೆ ಕಲಾಮೋಸ್ ಭಾರವಾಗದು. ಆದರೆ ನಮ್ಮ ಕಾಡು ಕಲಿಸಿದ ಕೆಲವು ಅಭ್ಯಾಸಗಳನ್ನು ಅಲ್ಲಿ ಬದಲಿಸಿಕೊಳ್ಳಬೇಕು.

ನಾವು ನೆರಳಿನಲ್ಲಿ ನಡೆದವರು. ಬಾಯಾರಿದರೆ ತೊರೆ ಸಿಗುತ್ತದೆ ಎಂಬ ಭರವಸೆ ನಮ್ಮ ರಕ್ತದಲ್ಲೇ ಇದೆ. ಅನಾಫಿಯ ದಾರಿಯಲ್ಲಿ ಮರವಿಲ್ಲ, ತೊರೆಯಿಲ್ಲ, ಅಂಗಡಿಯಿಲ್ಲ. ಮೂರು ಲೀಟರ್ ನೀರು ಹೊತ್ತುಕೊಂಡೇ ಹೊರಡಬೇಕು. ಬೆಳಕು ಹರಿಯುವ ಮೊದಲೇ ಹೊರಟು ಹನ್ನೊಂದರೊಳಗೆ ನೆರಳು ಸೇರಿಕೊಳ್ಳಬೇಕು. ಜಿಗಣೆಗೆ ಹೊಗೆಸೊಪ್ಪು, ಸುಣ್ಣ ಹಚ್ಚುವ ಕೆಲಸವಿಲ್ಲ. ಅದರ ಬದಲು ದಾರಿಯ ಎರಡೂ ಕಡೆ ಮೊಣಕಾಲೆತ್ತರದ ಮುಳ್ಳುಪೊದೆಗಳಿವೆ, ಪೂರ್ತಿ ಉದ್ದದ ಪ್ಯಾಂಟ್ ಬೇಕು. ಆ ಪೊದೆಗಳ ನಡುವೆಯೇ ಕಾಡು ಥೈಮ್ ಬೆಳೆಯುತ್ತದೆ. ಕಾಲು ತಾಗಿದಾಗಲೆಲ್ಲ ಓಮದಂಥ ಕಂಪು ಏಳುತ್ತದೆ. ನಮ್ಮಲ್ಲಿ ಜಾರುವುದು ಕೆಸರು, ಅಲ್ಲಿ ಜಾರುವುದು ಸಡಿಲ ಕಲ್ಲು. ಹಿಡಿತವಿರುವ ಬೂಟು ಹಾಕು. ಕಲಾಮೋಸಿನ ಮೇಲ್ಭಾಗದಲ್ಲಿ ದಾರಿ ಕಿರಿದು, ಪಕ್ಕದಲ್ಲೇ ಪ್ರಪಾತ. ಜೋರು ಗಾಳಿಯಿರುವ ದಿನ ಮಠದಿಂದ ಮೇಲೆ ಹೋಗಲೇಬೇಡ.

ಎಲ್ಲೆ ಗುರುತಿಸಲು ನಮ್ಮ ಹಿರಿಯರು ಕಡಂಗ ಎಂಬ ಕಂದಕ ತೋಡಿದರು, ಅವರ ಹಿರಿಯರು ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆ ಕಟ್ಟಿದರು. ಈ ಒಣಕಲ್ಲಿನ ಕಟ್ಟಡ ವಿದ್ಯೆಯನ್ನು ಗ್ರೀಸ್ ಸೇರಿ ಎಂಟು ದೇಶಗಳ ಹೆಸರಿನಲ್ಲಿ 2018ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ದಾರಿ ತಪ್ಪಿದರೆ ಆ ಗೋಡೆಗಳನ್ನು ಹತ್ತಿ ದಾಟಬೇಡ. ಒಂದು ಕಲ್ಲು ಉರುಳಿದರೆ ಸಾಲೇ ಕುಸಿಯುತ್ತದೆ. ಬಂದ ದಾರಿಯಲ್ಲೇ ಹಿಂದಿರುಗು.

ಒಬ್ಬಳೇ ನಡೆಯುವ ವಿಷಯ. 2024ರಲ್ಲಿ ಯಜಮಾನರು ಕ್ಲಿಸಿದಿಯಲ್ಲೇ ಉಳಿದ ಎರಡು ದಿನ ನಾನು ಒಬ್ಬಳೇ ನಡೆದೆ. ಎದುರು ಸಿಕ್ಕ ಆಡು ಕಾಯುವ ಮುದುಕರು, ಜರ್ಮನಿಯ ಹುಡುಗಿಯರು ಎಲ್ಲರೂ ‘ಯಾಸಾಸ್’ ಎಂದು ನಮಸ್ಕರಿಸಿ ಮುಂದೆ ಹೋದರು. ಆದರೂ ಎಲ್ಲಿಗೆ ಹೋಗುತ್ತೀಯ, ಎಷ್ಟು ಹೊತ್ತಿಗೆ ಬರುತ್ತೀಯ ಎಂದು ಮನೆಯೊಡತಿಗೆ ಹೇಳಿ ಹೊರಡು. ಇಂಟರ್ನೆಟ್ ಇಲ್ಲದಿದ್ದರೂ ತೆರೆಯುವ ನಕ್ಷೆ ಮೊಬೈಲಿನಲ್ಲಿರಲಿ. ತುರ್ತು ಸಂಖ್ಯೆ ಅಲ್ಲೂ 112.

ಇನ್ನೊಂದು ಮಾತು. ಮುಸ್ಸಂಜೆಯಲ್ಲಿ ಮಠದಿಂದ ಹೋರಾಕ್ಕೆ ನಡೆದು ಬರುವಾಗ ನನ್ನ ಹೆಗಲು ಹಗುರವಾಗಿತ್ತು. ಕಾರಣ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಆನೆಗಾಗಿ ಕಿವಿಗೊಟ್ಟಿರಲಿಲ್ಲ. ನಮ್ಮ ತೋಟದ ದಾರಿಯಲ್ಲಿ ಐದು ಗಂಟೆಯ ನಂತರ ಲದ್ದಿ ಬಿಸಿಯಿದೆಯೇ, ಬಿದಿರು ಮುರಿದ ಸದ್ದಾಯಿತೇ ಎಂದು ನೋಡದೆ ನಾವು ಯಾರೂ ಹೆಜ್ಜೆ ಇಡುವುದಿಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಕತ್ತಲಾಗುವುದನ್ನು ಕತ್ತಲಾಗುವುದಕ್ಕಾಗಿಯೇ ನೋಡುತ್ತಾ ನಡೆದೆ. ನಿನಗೂ ಅದು ಸಿಗಲಿ.

ಹಾರಂಗಿ ಹಿನ್ನೀರಿನ ಊರಿನವನು, ಚಿಕ್ಕಂದಿನಿಂದ ಈಜುತ್ತೇನೆ. ಅಲ್ಲಿನ ಕಡಲಿನಲ್ಲಿ ಈಜಬಹುದೇ?
— ಓದುಗರು, ಸುಂಟಿಕೊಪ್ಪ

ಈಜಬಹುದು. ನಮ್ಮವರು ಹೋಗುವ ಕಣ್ಣೂರಿನ ಪಯ್ಯಂಬಲಂ ತೀರದ ಅಲೆಗಳಿಗೆ ಹೋಲಿಸಿದರೆ ಅನಾಫಿಯ ದಕ್ಷಿಣದ ಕೊಲ್ಲಿಗಳು ಬಹಳ ದಿನ ಕೆರೆಯಂತೆ ಇರುತ್ತವೆ. ಉಬ್ಬರವಿಳಿತವೂ ಇಲ್ಲವೆನ್ನುವಷ್ಟು ಕಡಿಮೆ. ಅಪಾಯ ಇರುವುದು ಆ ಶಾಂತಿಯಲ್ಲೇ. ಉತ್ತರದ ಗಾಳಿ ಗುಡ್ಡ ದಾಟಿ ನೆಲದ ಕಡೆಯಿಂದ ಕಡಲಿನ ಕಡೆಗೆ ಬೀಸುತ್ತದೆ. ದಡದ ಹತ್ತಿರ ಅಲೆಯೇ ಏಳದು, ಆದರೆ ಗಾಳಿ ತುಂಬಿದ ಹಾಸಿಗೆ, ಟ್ಯೂಬುಗಳ ಮೇಲೆ ಮಲಗಿದವರನ್ನು ಅದು ಸದ್ದಿಲ್ಲದೆ ಹೊರಗೆ ತಳ್ಳಿಕೊಂಡು ಹೋಗುತ್ತದೆ. ಹೊಳೆಗೆ ಎರಡು ದಡ, ಹಿನ್ನೀರಿಗೆ ಸುತ್ತಲೂ ದಡ. ಕಡಲಿಗೆ ನಿಮ್ಮ ಬೆನ್ನ ಹಿಂದಿನದೊಂದೇ. ದಡಕ್ಕೆ ಸಮಾನಾಂತರವಾಗಿ, ಎದೆಮಟ್ಟದ ನೀರಿನಲ್ಲಿ ಈಜಿ. ಈ ತೀರಗಳಲ್ಲಿ ಜೀವರಕ್ಷಕರನ್ನು ನಿರೀಕ್ಷಿಸಬೇಡಿ; ಒಬ್ಬರೇ ನೀರಿಗಿಳಿಯಬೇಡಿ. ಬಂಡೆಗಳ ಮೇಲೆ ಕಪ್ಪು ಮುಳ್ಳುಚೆಂಡಿನಂಥ ಕಡಲಜೀವಿಗಳು ಅಂಟಿಕೊಂಡಿರುತ್ತವೆ. ತುಳಿದರೆ ಮುಳ್ಳು ಪಾದದಲ್ಲೇ ಮುರಿಯುತ್ತದೆ, ರಬ್ಬರಿನ ಚಪ್ಪಲಿ ಹಾಕಿಯೇ ಇಳಿಯಿರಿ.

2025ರಲ್ಲಿ ಆ ಕಡೆ ಭೂಕಂಪವಾಗಿ ಜನ ಊರು ಬಿಟ್ಟರೆಂದು ಓದಿದೆ. 2018ರಲ್ಲಿ ನಮ್ಮ ಗುಡ್ಡ ಜಾರಿದ್ದನ್ನು ಕಂಡವನು ನಾನು. ಹೋಗುವುದು ಸರಿಯೇ?
— ಓದುಗರು, ಮಕ್ಕಂದೂರು

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆ ಆಗಸ್ಟಿನಲ್ಲಿ ನಮ್ಮ ಶಾಲೆಯಲ್ಲೂ ಪರಿಹಾರ ಕೇಂದ್ರ ನಡೆದಿತ್ತು.

2025ರ ಜನವರಿ ಕೊನೆಯಿಂದ ಕೆಲವು ವಾರ ಸಾಂತೋರಿನಿ ಮತ್ತು ಅಮೊರ್ಗೋಸ್ ದ್ವೀಪಗಳ ನಡುವೆ ಕಡಲ ತಳದಲ್ಲಿ ಸಾವಿರಾರು ಸಲ ನೆಲ ನಡುಗಿತು. ದೊಡ್ಡವು 5ರ ತೀವ್ರತೆಯನ್ನು ದಾಟಿದವು. ಸಾಂತೋರಿನಿಯಿಂದ ಸಾವಿರಾರು ಜನ ಹೊರಟರು, ಅನಾಫಿಯಲ್ಲೂ ಶಾಲೆ ಮುಚ್ಚಿದರು. ಆಮೇಲೆ ಅದು ತಣ್ಣಗಾಯಿತು, ಆ ಬೇಸಿಗೆಯಲ್ಲೇ ಪ್ರವಾಸಿಗರು ಮರಳಿದರು. ಆದರೆ ಅದು ಭೂಕಂಪದ ಸೀಮೆ ಎಂಬುದು ಸುಳ್ಳಾಗುವುದಿಲ್ಲ. 1956ರ ಜುಲೈಯಲ್ಲಿ ಅಮೊರ್ಗೋಸ್ ಬಳಿ ದೊಡ್ಡ ಭೂಕಂಪವಾಗಿ ಸುನಾಮಿಯೂ ಎದ್ದಿತ್ತು. ಕಡಲತೀರದಲ್ಲಿರುವಾಗ ನೆಲ ಜೋರಾಗಿ ನಡುಗಿದರೆ ಚೀಲ ಬಿಟ್ಟು ತಕ್ಷಣ ಎತ್ತರಕ್ಕೆ ಹತ್ತಿ; ಇದೊಂದನ್ನು ಮರೆಯಬೇಡಿ. ಹೊರಡುವ ವಾರದ ಸುದ್ದಿ ನೋಡಿಕೊಳ್ಳಿ. ಮನಸ್ಸು ಒಪ್ಪದಿದ್ದರೆ ಪಶ್ಚಿಮಕ್ಕಿರುವ ಸಿಫ್ನೋಸಿಗೆ ಹೋಗಿ, ಆ ಕಂಪನಗಳ ಜಾಗಕ್ಕೆ ಅದು ದೂರ. ಮನಸ್ಸಿನಲ್ಲಿ ಅಳುಕಿಟ್ಟುಕೊಂಡು ನಡೆದರೆ ನಡಿಗೆಯ ಸುಖ ಸಿಗುವುದಿಲ್ಲ.

ಉಳಿದುಕೊಳ್ಳುವ ಮನೆಯವರಿಗೆ ಏನು ಒಯ್ಯಲಿ? ಪಂದಿ ಕರಿ ಡಬ್ಬದಲ್ಲಿ ಹಾಕಿಕೊಂಡು ಹೋಗಬಹುದೇ?
— ಓದುಗರು, ವಿರಾಜಪೇಟೆ

ಪಂದಿ ಕರಿ ಬೇಡ. ಹೊರಗಿನ ದೇಶಗಳಿಂದ ಮಾಂಸ, ಹಾಲಿನ ಪದಾರ್ಥಗಳನ್ನು ಯುರೋಪಿಗೆ ಒಯ್ಯಲು ಪ್ರಯಾಣಿಕರಿಗೆ ಅನುಮತಿಯಿಲ್ಲ, ತುಪ್ಪದ ಸಿಹಿಯೂ ಬೇಡ. ಹುರಿದು ಪುಡಿ ಮಾಡಿದ ಕಾಫಿ, ಒಣಗಿಸಿದ ಕರಿಮೆಣಸು ಒಯ್ಯಿರಿ. ಜೇನುತುಪ್ಪಕ್ಕೆ ಒಬ್ಬರಿಗೆ 2 ಕಿಲೋವರೆಗೆ ಅವಕಾಶವಿದೆ.

ಎರಡನೆಯ ಸಲ ಹೋದಾಗ ನಾನು ನಮ್ಮ ತೋಟದ ಅರೇಬಿಕಾ ಪುಡಿ ಕಾಲು ಕಿಲೋ, ಕರಿಮೆಣಸು ಒಂದು ಹಿಡಿ, ಜೇನು ಒಂದು ಬಾಟಲಿ ಒಯ್ದಿದ್ದೆ. ಮನೆಯೊಡತಿ ನನ್ನ ಪುಡಿಯನ್ನು ಒರಳಿಗೆ ಹಾಕಿ ಇನ್ನೂ ನಯವಾಗಿ ಕುಟ್ಟಿದರು, ಅವರ ಕಾಫಿಗೆ ಹಿಟ್ಟಿನಷ್ಟು ನುಣುಪು ಬೇಕು. ಉದ್ದ ಹಿಡಿಯ ಸಣ್ಣ ಪಾತ್ರೆಯಲ್ಲಿ ನೀರು, ಸಕ್ಕರೆ, ಪುಡಿ ಸೇರಿಸಿ ನೊರೆ ಏಳುವವರೆಗೆ ಕಾಯಿಸಿ ಸೋಸದೆ ಬಗ್ಗಿಸಿದರು. ಚರಟ ತಳಕ್ಕೆ ಇಳಿಯುವವರೆಗೆ ನಾವಿಬ್ಬರೂ ಅಂಗಳದಲ್ಲಿ ಮಾತಿಲ್ಲದೆ ಕಾದೆವು. ಅವರಿಗೆ ಕನ್ನಡವಿಲ್ಲ, ನನಗೆ ಗ್ರೀಕ್ ಇಲ್ಲ. ಒಂದು ಗುಟುಕು ಕುಡಿದು ಅವರು ಒಳಗೆ ಹೋಗಿ ಥೈಮ್ ಹೂವಿನ ಜೇನು ಒಂದು ತಟ್ಟೆಯಲ್ಲಿ, ನನ್ನದು ಇನ್ನೊಂದರಲ್ಲಿ ತಂದಿಟ್ಟರು. ಜೊತೆಗೆ ದ್ವೀಪದ ಕಾಡುಕೇಸರಿ ಹಾಕಿ ಸುಟ್ಟ ರೊಟ್ಟಿ. ಅವರದು ಗಟ್ಟಿ, ಹೊಗೆಯಾಡಿದಂಥ ಕಂಪು. ನಮ್ಮದು ತೆಳು, ಕಾಫಿ ಹೂವಿನ ವಾಸನೆ. ಹೊರಡುವ ದಿನ ನನ್ನ ಖಾಲಿ ಬಾಟಲಿಯನ್ನು ತೊಳೆದು, ತಮ್ಮ ಜೇನು ತುಂಬಿಸಿ, ಬಟ್ಟೆ ಸುತ್ತಿ ಕೊಟ್ಟರು. ಈ ಉತ್ತರ ಬರೆಯುವಾಗ ಅದರಲ್ಲಿ ಇನ್ನೂ ಎರಡು ಬೆರಳಿನಷ್ಟು ಉಳಿದಿದೆ.